ಎಲುಬಿನ ಮಜ್ಜೆಯ ರೋಗ: ಹಂತ ಗೊತ್ತುಮಾಡುವ ಬಗೆ

ಸುಗ್ಗಿಯ ದಿನಗಳಲ್ಲಿ ಉದಗೀರದ ಇಲ್ಲವೆ ಉಮರ್ಗಾದ ಅಡತಿ ಅಂಗಡಿಗಳ ಮುಂದೆ ನೀವು ಒಮ್ಮೆಯಾದರೂ ನಿಂತಿರಬಹುದು. ತೊಗರಿಯ, ಸೋಯಾಬೀನಿನ ಚೀಲಗಳನ್ನು ಹಮಾಲರು ಬೆನ್ನ ಮೇಲೆ ಹೊತ್ತು ಸಾಗಿಸುತ್ತಾರೆ. ಹೊಲದಲ್ಲಿ ದುಡಿಯುವವರ ಬೆನ್ನಿಗೂ ವಿಶ್ರಾಂತಿ ಇಲ್ಲ. ಆದುದರಿಂದ ಬೆನ್ನುನೋವು ಎಂದರೆ ನಮ್ಮ ಭಾಗದಲ್ಲಿ ಯಾರೂ ಬೆಚ್ಚಿ ಬೀಳುವುದಿಲ್ಲ. “ಹೊಲದ ಕೆಲಸ ಅಂದಮ್ಯಾಲ ಬೆನ್ನು ನೋಯಲಾರದ ಇರತದೇನು?” ಎಂದು ಹಿರಿಯರು ನಕ್ಕು ಸುಮ್ಮನಾಗುತ್ತಾರೆ. ಬಹುಮಟ್ಟಿಗೆ ಅವರ ಮಾತು ಸರಿಯಾದುದೇ. ಹೆಚ್ಚಿನ ಬೆನ್ನುನೋವು ದುಡಿಮೆಯಿಂದ ಬರುತ್ತದೆ, ವಿಶ್ರಾಂತಿಯಿಂದ ಹೋಗುತ್ತದೆ. ಎಲ್ಲೋ ಅಪರೂಪಕ್ಕೆ ಒಂದು ಮಾತ್ರ ಬೇರೆಯಾಗಿರುತ್ತದೆ.

ನಿಲಂಗಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅರವತ್ತೆರಡು ವರ್ಷದ ಒಬ್ಬ ಮುತ್ಯಾ ಇದ್ದಾರೆಂದು ಭಾವಿಸಿರಿ. ನಾಲ್ಕು ತಿಂಗಳಿಂದ ಬೆನ್ನುನೋವು. ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಿದರು. ಸೂಜಿ ಹಾಕಿಸಿಕೊಂಡರು. ನೋವು ಎರಡು ದಿನ ಇಳಿದು ಮತ್ತೆ ಏರಿತು. ಈಚೆಗೆ ಎರಡು ಮೆಟ್ಟಿಲು ಹತ್ತಿದರೆ ಏದುಸಿರು, ಮುಖ ಬಿಳಚಿದೆ, ಊಟ ಸೇರದು, ಎಷ್ಟು ನೀರು ಕುಡಿದರೂ ಬಾಯಾರಿಕೆ. ಮಗ ಅವರನ್ನು ಲಾತೂರಿಗೆ ಕರೆದುಕೊಂಡು ಹೋದನು.

“ಮುತ್ಯಾ, ನೋವು ಜಾಸ್ತಿ ಎಲ್ಲಿ ಅದ?” ಎಂದು ವೈದ್ಯರು ಕೇಳಿದರು.

“ನಟ್ಟನಡು ಬೆನ್ನಿನ್ಯಾಗ ಅದರಿ ಸಾಹೇಬ್ರ. ರಾತ್ರಿ ಮಗ್ಗಲ ಹೊಳ್ಳಲಾಕ ಬರಲ್ರಿ.”

ವೈದ್ಯರು ಮೊದಲು ಬರೆದುಕೊಟ್ಟದ್ದು ದೊಡ್ಡ ಪರೀಕ್ಷೆಗಳನ್ನಲ್ಲ. ಸಾದಾ ರಕ್ತಪರೀಕ್ಷೆ, ಮೂತ್ರಪರೀಕ್ಷೆ, ಬೆನ್ನಿನ ಒಂದು ಎಕ್ಸ್‌ರೇ. ವರದಿ ಬಂದಾಗ ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆ ಇತ್ತು. ಸೂಕ್ಷ್ಮದರ್ಶಕದ ಕೆಳಗೆ ಕೆಂಪು ರಕ್ತಕಣಗಳು ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಅಂಟಿಕೊಂಡಿದ್ದವು. ರಕ್ತದ ಒಟ್ಟು ಪ್ರೋಟೀನು ಹೆಚ್ಚು, ಆದರೆ ಅದರಲ್ಲಿನ ಅಲ್ಬುಮಿನ್ ಕಡಿಮೆ. ಹಾಗಾದರೆ ಉಳಿದ ಪ್ರೋಟೀನು ಯಾವುದು? ಈ ಪ್ರಶ್ನೆಯಿಂದಲೇ ಮುಂದಿನ ಕಥೆ ಪ್ರಾರಂಭವಾಗುತ್ತದೆ.

ಎಲುಬು ಹೊರಗಿನಿಂದ ಕಲ್ಲಿನಂತೆ ಕಂಡರೂ ಒಳಗೆ ಮೆತ್ತಗಿನ ಮಜ್ಜೆ ಇದೆ. ನಮ್ಮ ರಕ್ತದ ಕಣಗಳೆಲ್ಲ ಅಲ್ಲಿಯೇ ಹುಟ್ಟುತ್ತವೆ. ಆ ಮಜ್ಜೆಯಲ್ಲಿ ಪ್ಲಾಸ್ಮಾ ಕೋಶಗಳೆಂಬ ಒಂದು ಬಗೆಯ ಕೋಶಗಳೂ ಅಲ್ಪ ಪ್ರಮಾಣದಲ್ಲಿರುತ್ತವೆ. ರೋಗಾಣುಗಳೊಡನೆ ಹೋರಾಡುವ ಪ್ರತಿಕಾಯಗಳನ್ನು ತಯಾರಿಸುವುದು ಇವುಗಳ ಕೆಲಸ. ಒಂದು ಪ್ಲಾಸ್ಮಾ ಕೋಶ ಒಂದೇ ಬಗೆಯ ಪ್ರತಿಕಾಯವನ್ನು ಮಾಡುತ್ತದೆ. ಸಾವಿರಾರು ಬಗೆಯ ಕೋಶಗಳು ಸಾವಿರಾರು ಬಗೆಯ ಪ್ರತಿಕಾಯಗಳನ್ನು ಮಾಡುವುದರಿಂದಲೇ ನಾವು ಆರೋಗ್ಯದಿಂದ ಇದ್ದೇವೆ. ಇವುಗಳಲ್ಲಿ ಯಾವುದೋ ಒಂದು ಕೋಶ ದಾರಿ ತಪ್ಪಿ, ತನ್ನಂತಹವೇ ಕೋಶಗಳನ್ನು ಲೆಕ್ಕವಿಲ್ಲದೆ ಬೆಳೆಸಿತೆಂದು ತಿಳಿಯಿರಿ. ಆಗ ಒಂದೇ ಬಗೆಯ, ಯಾವ ಉಪಯೋಗಕ್ಕೂ ಬಾರದ ಪ್ರೋಟೀನು ರಕ್ತದಲ್ಲಿ ತುಂಬಿಕೊಳ್ಳುತ್ತದೆ. ಈ ರೋಗವೇ ಮಲ್ಟಿಪಲ್ ಮೈಲೋಮಾ. ಇದು ಒಂದು ಬಗೆಯ ಕ್ಯಾನ್ಸರ್. ಜಾನಪದ ಗಾಯಕಿ ಶಾರದಾ ಸಿನ್ಹಾ 2024ರ ನವೆಂಬರ್ 5ರಂದು ದೆಹಲಿಯಲ್ಲಿ ತೀರಿಕೊಂಡಾಗ ಪತ್ರಿಕೆಗಳಲ್ಲಿ ಈ ಹೆಸರನ್ನು ನೀವು ಓದಿರಬಹುದು.

ಮರಾಠಿಯಲ್ಲಿ ಕ್ಯಾನ್ಸರಿಗೆ ಕರ್ಕರೋಗ ಎನ್ನುತ್ತಾರೆಂಬುದು ನಿಮಗೆ ಗೊತ್ತು. ಕರ್ಕ ಎಂದರೆ ಏಡಿ. ಕ್ಯಾನ್ಸರ್ ಎಂಬ ಲ್ಯಾಟಿನ್ ಶಬ್ದಕ್ಕೂ ಅದೇ ಅರ್ಥ. ವಿಚಿತ್ರವೆಂದರೆ ಮೈಲೋಮಾದ ವಿಷಯದಲ್ಲಿ ಏಡಿ ಎರಡನೆಯ ಸಲ ಬರುತ್ತದೆ. ಈ ರೋಗವು ಶರೀರಕ್ಕೆ ಮಾಡುವ ನಾಲ್ಕು ಹಾನಿಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ‘ಕ್ರ್ಯಾಬ್’, ಅಂದರೆ ಏಡಿ ಎಂದಾಗುತ್ತದೆ. ವೈದ್ಯಕೀಯ ವಿದ್ಯಾರ್ಥಿಗಳು ಅದನ್ನು ಹೀಗೆಯೇ ನೆನಪಿಡುತ್ತಾರೆ.

ಆ ನಾಲ್ಕು ಹಾನಿಗಳು ಒಂದಕ್ಕೊಂದು ಹೆಣೆದುಕೊಂಡಿವೆ. ನಮ್ಮ ಎಲುಬಿನಲ್ಲಿ ಹಳೆಯದನ್ನು ಕೆಡಹುವ ಕೋಶಗಳೂ ಹೊಸದನ್ನು ಕಟ್ಟುವ ಕೋಶಗಳೂ ಬಾಳಿನುದ್ದಕ್ಕೂ ಕೆಲಸ ಮಾಡುತ್ತಿರುತ್ತವೆ. ಮೈಲೋಮಾ ಕೋಶಗಳು ಕೆಡಹುವ ಕೂಲಿಗಳನ್ನು ಹುರಿದುಂಬಿಸಿ, ಕಟ್ಟುವ ಗೌಂಡಿಗಳನ್ನು ಸುಮ್ಮನೆ ಕೂರಿಸುತ್ತವೆ. ಎಲುಬಿನಲ್ಲಿ ತೂತು ಬೀಳುತ್ತದೆ. ಮುತ್ಯಾನ ಬೆನ್ನುನೋವಿಗೆ ಇದೇ ಕಾರಣ. ಕರಗಿದ ಎಲುಬಿನ ಕ್ಯಾಲ್ಸಿಯಂ ರಕ್ತಕ್ಕೆ ಸೇರುತ್ತದೆ. ಬಾಯಾರಿಕೆ, ಮಲಬದ್ಧತೆ, ಮಂಕು ಅದರಿಂದ ಬರುತ್ತವೆ. ಮಜ್ಜೆಯಲ್ಲಿ ಜಾಗ ಸಾಲದೆ ಕೆಂಪು ಕಣಗಳು ಕಡಿಮೆಯಾಗುತ್ತವೆ. ಕೆಲಸಕ್ಕೆ ಬಾರದ ಪ್ರೋಟೀನಿನ ತುಣುಕುಗಳು ಮೂತ್ರಪಿಂಡದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ಅದನ್ನು ಕೆಡಿಸುತ್ತವೆ. ಕ್ಯಾಲ್ಸಿಯಂ ಡೆಸಿಲೀಟರಿಗೆ 11 ಮಿಲಿಗ್ರಾಮಿಗಿಂತ ಹೆಚ್ಚು, ಕ್ರಿಯಾಟಿನಿನ್ 2 ಮಿಲಿಗ್ರಾಮಿಗಿಂತ ಹೆಚ್ಚು, ಹಿಮೋಗ್ಲೋಬಿನ್ 10 ಗ್ರಾಮಿಗಿಂತ ಕಡಿಮೆ, ಎಲುಬಿನಲ್ಲಿ ಒಂದಾದರೂ ತೂತು – ಮಜ್ಜೆಯಲ್ಲಿ ದಾರಿ ತಪ್ಪಿದ ಪ್ಲಾಸ್ಮಾ ಕೋಶಗಳು ನೂರಕ್ಕೆ 10 ಅಥವಾ ಹೆಚ್ಚು ಇದ್ದು, ಇವುಗಳಲ್ಲಿ ಒಂದು ಕಂಡರೂ ಚಿಕಿತ್ಸೆ ಪ್ರಾರಂಭಿಸಬೇಕೆಂದು ವೈದ್ಯರು ತೀರ್ಮಾನಿಸುತ್ತಾರೆ. ಹಾನಿ ಆಗುವವರೆಗೆ ಕಾಯುವುದೇಕೆಂದು, ಮಜ್ಜೆಯಲ್ಲಿ ಇಂತಹ ಕೋಶಗಳು ನೂರಕ್ಕೆ 60 ಇರುವುದೇ ಮೊದಲಾದ ಮೂರು ಮುನ್ಸೂಚನೆಗಳನ್ನು 2014ರಲ್ಲಿ ಇದಕ್ಕೆ ಸೇರಿಸಲಾಯಿತು.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಅಂಗಡಿಯಲ್ಲಿ ಸಿಗುವ ಎಷ್ಟೋ ನೋವಿನ ಗುಳಿಗೆಗಳು ಈ ರೋಗಿಯ ಮೂತ್ರಪಿಂಡಕ್ಕೆ ದೊಡ್ಡ ಪೆಟ್ಟು ಕೊಡುತ್ತವೆ. ನೋವಿಗೆಂದು ನಾಲ್ಕು ತಿಂಗಳು ನುಂಗಿದ ಗುಳಿಗೆ ಮುತ್ಯಾನಿಗೆ ರೋಗಕ್ಕಿಂತ ಕಡಿಮೆ ಹಾನಿ ಮಾಡಿತೆಂದು ಹೇಳುವಂತಿಲ್ಲ.

ಈ ರೋಗದ ಮೊದಲ ಸುಳಿವು ಸಿಕ್ಕಿದ್ದು ಮೂತ್ರದಲ್ಲಿ. 1845ರ ನವೆಂಬರ್ ತಿಂಗಳಲ್ಲಿ ಲಂಡನ್ನಿನ ಹೆನ್ರಿ ಬೆನ್ಸ್ ಜೋನ್ಸ್ ಎಂಬ ರಸಾಯನ ಬಲ್ಲ ವೈದ್ಯರಿಗೆ ಒಬ್ಬ ರೋಗಿಯ ಮೂತ್ರದ ಶೀಸೆ ಬಂದಿತು. ಇದು ಏನೆಂದು ತಿಳಿಸಿರೆಂದು ಜೊತೆಗೊಂದು ಚೀಟಿ ಇತ್ತು. ಆ ರೋಗಿ ಎಲುಬಿನ ನೋವಿನಿಂದ ನರಳುತ್ತಿದ್ದ ಒಬ್ಬ ವ್ಯಾಪಾರಿ. ಆ ಮೂತ್ರವನ್ನು ಕಾಯಿಸಿದರೆ ಬಿಳಿಯ ಗಸಿ ಬರುತ್ತಿತ್ತು. ಇನ್ನೂ ಕುದಿಸಿದರೆ ಗಸಿ ಕರಗಿ ಹೋಗುತ್ತಿತ್ತು. ಆರಿಸಿದರೆ ಮತ್ತೆ ಕಾಣುತ್ತಿತ್ತು! ಮೊಟ್ಟೆಯ ಬಿಳಿಭಾಗವನ್ನು ಒಮ್ಮೆ ಬೇಯಿಸಿದ ಮೇಲೆ ಅದು ಮತ್ತೆ ನೀರಾಗುವುದನ್ನು ನೀವು ಕಂಡಿದ್ದೀರಾ? ಅದಕ್ಕೆಂದೇ ಜೋನ್ಸರು ಇದು ಸಾಮಾನ್ಯ ಪ್ರೋಟೀನಲ್ಲವೆಂದು ಗುರುತಿಸಿದರು. ರೋಗಿ 1846ರ ಜನವರಿಯಲ್ಲಿ ತೀರಿಕೊಂಡರು. ಆ ಪ್ರೋಟೀನು ಪ್ರತಿಕಾಯದ ಒಂದು ತುಣುಕೆಂದು ಸಿದ್ಧವಾಗಲು 1962ರ ತನಕ ಕಾಯಬೇಕಾಯಿತು. ಈಗಲೂ ಮೂತ್ರದಲ್ಲಿ ಕಾಗದದ ಪಟ್ಟಿ ಅದ್ದಿ ನೋಡುವ ಸಾದಾ ಪರೀಕ್ಷೆಗೆ ಅದು ಸಿಕ್ಕುವುದಿಲ್ಲ. ಆ ಪಟ್ಟಿ ಮುಖ್ಯವಾಗಿ ಅಲ್ಬುಮಿನ್ನನ್ನು ಹಿಡಿಯುತ್ತದೆ. ಇದಕ್ಕೆ ಬೇರೆಯೇ ಪರೀಕ್ಷೆ ಬೇಕು.

ಮುತ್ಯಾನ ರಕ್ತದ ಪ್ರೋಟೀನುಗಳನ್ನು ವಿದ್ಯುತ್ತಿನ ಸಹಾಯದಿಂದ ಬೇರ್ಪಡಿಸಿ ನೋಡಿದರು. ಆರೋಗ್ಯವಂತರಲ್ಲಿ ಪ್ರತಿಕಾಯಗಳ ಭಾಗ ಸಣ್ಣ ದಿಬ್ಬದಂತೆ ಹರಡಿರುತ್ತದೆ. ಇವರ ಕಾಗದದಲ್ಲಿ ಗುಡಿಯ ಶಿಖರದಂತೆ ಒಂದು ಚೂಪಾದ ಮೊನೆ ಎದ್ದಿತ್ತು. ಅನಂತರ ಸೊಂಟದ ಹಿಂಬದಿಯ ಎಲುಬಿಗೆ ಮರಗಟ್ಟುವ ಔಷಧ ಕೊಟ್ಟು, ದಪ್ಪ ಸೂಜಿಯಿಂದ ಸ್ವಲ್ಪ ಮಜ್ಜೆಯನ್ನು ತೆಗೆದರು. ಅದರಲ್ಲಿ ದಾರಿ ತಪ್ಪಿದ ಪ್ಲಾಸ್ಮಾ ಕೋಶಗಳು ಕಿಕ್ಕಿರಿದಿದ್ದವು. ರೋಗ ಯಾವುದೆಂದು ಗೊತ್ತಾಯಿತು. ಮಗ ಕೇಳಿದ ಮೊದಲ ಪ್ರಶ್ನೆ ನೀವೂ ಊಹಿಸಬಲ್ಲಿರಿ. “ಎಷ್ಟನೇ ಸ್ಟೇಜ್ ಅದರಿ ಸಾಹೇಬ್ರ?”

ಬಾಯಿಯ ಅಥವಾ ಸ್ತನದ ಕ್ಯಾನ್ಸರಿನಲ್ಲಿ ಹಂತವನ್ನು ಗೊತ್ತುಮಾಡುವ ರೀತಿ ಬೇರೆ. ಗಂಟು ಎಷ್ಟು ದೊಡ್ಡದು, ಹತ್ತಿರದ ಗ್ರಂಥಿಗಳಿಗೆ ಹೋಗಿದೆಯೇ, ದೂರದ ಅಂಗಕ್ಕೆ ಹಬ್ಬಿದೆಯೇ ಎಂದು ನೋಡುತ್ತಾರೆ. ನಾಲ್ಕನೆಯ ಹಂತವೆಂದರೆ ಸಾಮಾನ್ಯವಾಗಿ ದೂರ ಹಬ್ಬಿದ ರೋಗ. ಮೈಲೋಮಾದಲ್ಲಿ ಹಾಗೆ ಅಳೆಯಲು ಬರುವುದಿಲ್ಲ. ಮಜ್ಜೆ ಮೈಯೆಲ್ಲ ಇದೆ, ರೋಗವೂ ಮೊದಲ ದಿನದಿಂದಲೇ ಬೆನ್ನು, ಪಕ್ಕೆಲುಬು, ತಲೆಬುರುಡೆ ಎಂದು ಹಲವು ಕಡೆ ಇರುತ್ತದೆ. ಹಬ್ಬಿದೆಯೇ ಎಂಬ ಪ್ರಶ್ನೆಗೇ ಇಲ್ಲಿ ಅರ್ಥವಿಲ್ಲ. ಹಾಗಿದ್ದರೆ ಏನನ್ನು ಅಳೆಯಬೇಕು?

ಇದನ್ನು ತಿಳಿಯಲು ನಮ್ಮ ನೆಲದ್ದೇ ಒಂದು ಉದಾಹರಣೆ ತೆಗೆದುಕೊಳ್ಳೋಣ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ನಿಮ್ಮ ಮನೆಯ ಹಿರಿಯರು ಆ ರಾತ್ರಿಯನ್ನು ಇನ್ನೂ ಮರೆತಿಲ್ಲ. ಕಿಲ್ಲಾರಿ, ಸಾಸ್ತೂರುಗಳಲ್ಲಿ ಕಲ್ಲುಮಣ್ಣಿನ ಮನೆಗಳು ನೆಲಸಮವಾದವು. ಆ ಭೂಕಂಪ ಎಷ್ಟು ದೊಡ್ಡದೆಂದು ಎರಡು ಬಗೆಯಲ್ಲಿ ಹೇಳಬಹುದು. ಊರೂರು ತಿರುಗಿ ಬಿದ್ದ ಮನೆಗಳನ್ನು ಎಣಿಸುವುದು ಒಂದು ಬಗೆ. ಭೂಕಂಪಮಾಪಕ ತೋರಿಸಿದ, ಸುಮಾರು 6.2 ಎಂಬ ಸಂಖ್ಯೆಯನ್ನು ಓದುವುದು ಇನ್ನೊಂದು ಬಗೆ. ಮೊದಲನೆಯದು ಆದ ಹಾನಿಯ ಲೆಕ್ಕ. ಎರಡನೆಯದು ಹಾನಿ ಮಾಡಿದ ಶಕ್ತಿಯ ಲೆಕ್ಕ.

ಮೈಲೋಮಾದ ಹಂತ ಹೇಳುವ ವಿಧಾನವೂ ಮೊದಲನೆಯ ಬಗೆಯಿಂದ ಎರಡನೆಯ ಬಗೆಗೆ ಸಾಗಿ ಬಂದಿದೆ. 1975ರಲ್ಲಿ ಬ್ರಯನ್ ಡ್ಯೂರಿ ಮತ್ತು ಸಿಡ್ನಿ ಸಾಲ್ಮನ್ ಎಂಬ ವೈದ್ಯರು 71 ರೋಗಿಗಳ ಶರೀರದಲ್ಲಿ ಎಷ್ಟು ರೋಗಕೋಶಗಳಿವೆ ಎಂಬುದನ್ನು ಲೆಕ್ಕ ಹಾಕಿದರು. ಪ್ರತಿ ರೋಗಿಗೂ ಇಷ್ಟು ಕಷ್ಟದ ಲೆಕ್ಕ ಹಾಕಲಾಗದು. ಆದುದರಿಂದ ಆ ಲೆಕ್ಕಕ್ಕೆ ಹೊಂದುವ ಸುಲಭ ಗುರುತುಗಳನ್ನು ಅವರು ಕಂಡುಕೊಂಡರು. ಹಿಮೋಗ್ಲೋಬಿನ್, ಕ್ಯಾಲ್ಸಿಯಂ, ಎಕ್ಸ್‌ರೇಯಲ್ಲಿ ಕಾಣುವ ತೂತುಗಳು, ರೋಗದ ಪ್ರೋಟೀನಿನ ಪ್ರಮಾಣ ಇವೇ ಆ ಗುರುತುಗಳು. ಹಿಮೋಗ್ಲೋಬಿನ್ 8.5ಕ್ಕಿಂತ ಕೆಳಗಿಳಿದರೆ ಅಥವಾ ಕ್ಯಾಲ್ಸಿಯಂ 12ನ್ನು ದಾಟಿದರೆ ಮೂರನೆಯ ಹಂತ. ಮೂತ್ರಪಿಂಡ ಸರಿಯಿದ್ದರೆ ಹಂತದ ಮುಂದೆ ‘ಎ’, ಕೆಟ್ಟಿದ್ದರೆ ‘ಬಿ’. ಇದು ಬಿದ್ದ ಮನೆಗಳ ಎಣಿಕೆ. ಇದರಲ್ಲಿ ಒಂದು ತೊಡಕಿತ್ತು. ಎಕ್ಸ್‌ರೇಯಲ್ಲಿನ ತೂತುಗಳನ್ನು ಒಬ್ಬ ವೈದ್ಯರು ಮೂರು ಎಂದರೆ ಇನ್ನೊಬ್ಬರು ಐದು ಎನ್ನಬಹುದು.

2005ರಲ್ಲಿ ಹೊಸ ಕ್ರಮ ಬಂದಿತು. ಉತ್ತರ ಅಮೆರಿಕ, ಯುರೋಪ್ ಮತ್ತು ಏಷ್ಯಾದ 10,750 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ವೈದ್ಯರು ಎರಡೇ ಎರಡು ರಕ್ತಪರೀಕ್ಷೆಗಳನ್ನು ಆರಿಸಿಕೊಂಡರು. ಇದಕ್ಕೆ ಅಂತರರಾಷ್ಟ್ರೀಯ ಹಂತಕ್ರಮ ಎನ್ನುತ್ತಾರೆ. ಎರಡರಲ್ಲಿ ಒಂದು ಅಲ್ಬುಮಿನ್. ಇದು ಯಕೃತ್ತಿನಲ್ಲಿ ತಯಾರಾಗುವ ಒಳ್ಳೆಯ ಪ್ರೋಟೀನು. ರೋಗ ಜೋರಾದಾಗ ಹೊರಡುವ ಸಂಕೇತಗಳಿಂದ ಯಕೃತ್ತು ಇದರ ತಯಾರಿಕೆಯನ್ನು ಕಡಿಮೆ ಮಾಡುತ್ತದೆ. ಇನ್ನೊಂದು ಬೀಟಾ-2 ಮೈಕ್ರೋಗ್ಲೋಬ್ಯುಲಿನ್. ಹೆಸರು ಉದ್ದವಾಯಿತು, ನಾವು ಬೀಟಾ-2 ಎಂದೇ ಕರೆಯೋಣ. ಇದು ಶರೀರದ ಬಹುತೇಕ ಎಲ್ಲ ಕೋಶಗಳ ಮೇಲ್ಮೈಯಲ್ಲಿರುವ ಸಣ್ಣ ಪ್ರೋಟೀನು. ಕೋಶಗಳಿಂದ ಉದುರಿ ರಕ್ತಕ್ಕೆ ಬರುತ್ತದೆ, ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ರೋಗಕೋಶಗಳು ಹೆಚ್ಚಾದರೆ ಬೀಟಾ-2 ಹೆಚ್ಚುತ್ತದೆ. ಮೂತ್ರಪಿಂಡ ಸೋತರೂ ಹೆಚ್ಚುತ್ತದೆ.

ನಿಯಮ ಸರಳವಾಗಿದೆ. ಬೀಟಾ-2 ಲೀಟರಿಗೆ 3.5 ಮಿಲಿಗ್ರಾಮಿಗಿಂತ ಕಡಿಮೆ ಇದ್ದು, ಅಲ್ಬುಮಿನ್ ಡೆಸಿಲೀಟರಿಗೆ 3.5 ಗ್ರಾಂ ಅಥವಾ ಹೆಚ್ಚು ಇದ್ದರೆ ಮೊದಲನೆಯ ಹಂತ. ಬೀಟಾ-2 5.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೂರನೆಯ ಹಂತ, ಆಗ ಅಲ್ಬುಮಿನ್ ಎಷ್ಟೇ ಇರಲಿ. ಈ ಎರಡಕ್ಕೂ ಸೇರದವರೆಲ್ಲ ಎರಡನೆಯ ಹಂತ. ನಾಲ್ಕನೆಯ ಹಂತವೇ ಇಲ್ಲ. ಕ್ರಮದ ಹಿರಿಮೆ ಈ ಸರಳತೆಯಲ್ಲಿಯೇ ಇದೆ ಎಂದು ನನಗೆ ಅನಿಸುತ್ತದೆ. ಒಂದು ಶೀಸೆ ರಕ್ತವಿದ್ದರೆ ಸಾಕು, ನೋಡುವವರ ಕಣ್ಣಿನ ಮೇಲೆ ಏನೂ ಅವಲಂಬಿಸಿಲ್ಲ.

ಆ 10,750 ಮಂದಿಯಲ್ಲಿ ಮೊದಲ ಹಂತದವರ ಬದುಕಿನ ಮಧ್ಯಾಂಕ 62 ತಿಂಗಳು, ಎರಡನೆಯವರದು 44, ಮೂರನೆಯವರದು 29 ಆಗಿತ್ತು. ಇಲ್ಲಿ ಸ್ವಲ್ಪ ನಿಲ್ಲಿರಿ. ಮಧ್ಯಾಂಕವನ್ನು ನೀವು ಗಣಿತದಲ್ಲಿ ಕಲಿತಿದ್ದೀರಿ. ತರಗತಿಯ 31 ಮಕ್ಕಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರೆ 16ನೆಯ ಮಗುವಿನ ಎತ್ತರವೇ ಮಧ್ಯಾಂಕ. ಉಳಿದವರಲ್ಲಿ ಅರ್ಧ ಮಂದಿ ಅದಕ್ಕಿಂತ ಎತ್ತರ. ಅದರಂತೆ 29 ತಿಂಗಳೆಂದರೆ ಅರ್ಧದಷ್ಟು ಮಂದಿ ಅದಕ್ಕಿಂತ ಹೆಚ್ಚು ಕಾಲ ಬದುಕಿದರು, ಕೆಲವರು ಬಹಳ ಹೆಚ್ಚು. ಅದು ಯಾರೊಬ್ಬರಿಗೂ ಕೊಟ್ಟ ಗಡುವಲ್ಲ. ಇನ್ನೊಂದು ಸಂಗತಿಯೂ ಇದೆ. ಅವರೆಲ್ಲ 1981ರಿಂದ 2002ರವರೆಗಿನ ರೋಗಿಗಳು. ಬೋರ್ಟೆಜೋಮಿಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದೇ 2003ರಲ್ಲಿ. ಅನಂತರ ಲೆನಾಲಿಡೊಮೈಡ್ ಮುಂತಾದವು ಬಂದವು. ಆ ತಿಂಗಳುಗಳ ಲೆಕ್ಕ ಹಳೆಯ ಕಾಲದ್ದು, ಇಂದಿನ ರೋಗಿಗೆ ಹಾಗೆಯೇ ಅನ್ವಯಿಸುವುದಿಲ್ಲ.

ಮುತ್ಯಾನ ಚೀಟಿಯಲ್ಲಿ ಅಲ್ಬುಮಿನ್ 3.1, ಬೀಟಾ-2 6.4 ಎಂದಿತ್ತು. ಮೇಲಿನ ನಿಯಮವನ್ನು ನೋಡಿ ಹಂತವನ್ನು ನೀವೇ ಹೇಳಿರಿ. ಹೌದು, ಮೂರನೆಯದು. ಇದನ್ನು ಕೇಳಿ ಮಗನ ಮುಖ ಕಪ್ಪಿಟ್ಟಿತು.

“ಕಡೀ ಸ್ಟೇಜ್ ಅಂದ್ರ ಮನಿಗಿ ಕರ್ಕೊಂಡ್ ಹೋಗಬೇಕೇನ್ರಿ? ಇಲಾಜ್ ಮಾಡಿ ಉಪಯೋಗ ಇಲ್ಲೇನ್ರಿ?”

ಈ ತಪ್ಪು ತಿಳಿವಳಿಕೆಯಿಂದಲೇ ಚಿಕಿತ್ಸೆ ನಿಲ್ಲಿಸಿ ಊರಿಗೆ ಮರಳುವವರು ಇದ್ದಾರೆ. ವೈದ್ಯರು ಕುರ್ಚಿ ಎಳೆದು ಅವನನ್ನು ಕೂರಿಸಿದರು. “ತಮ್ಮಾ, ಈ ಮೂರು ಬ್ಯಾರೆ, ನೀ ತಿಳಕೊಂಡ ಮೂರು ಬ್ಯಾರೆ. ನಿಮ್ಮಪ್ಪನ ಕಿಡ್ನಿ ಈಗ ಸೋತದ. ಅದಕ್ಕ ಬೀಟಾ-2 ಹೊರಗ ಹೋಗಲಾರದ ರಕ್ತದಾಗೇ ಉಳದದ. ಪೂರ್ತಿ ರೋಗದ ಲೆಕ್ಕ ಅಲ್ಲ ಅದು. ಇನ್ನೂ ಎರಡು ರಿಪೋರ್ಟ್ ಬರೂದು ಅದ,” ಎಂದರು.

ಆ ಎರಡು ವರದಿಗಳು ಯಾವುವು? 2005ರ ಕ್ರಮವು ರೋಗಕೋಶದ ಒಳಗನ್ನು ನೋಡುತ್ತಿರಲಿಲ್ಲ. ಕೋಶದೊಳಗಿನ ವರ್ಣತಂತುಗಳಲ್ಲಿ ಕೆಲವು ಬದಲಾವಣೆಗಳಾಗಿದ್ದರೆ ರೋಗ ಮೊಂಡಾಗಿರುತ್ತದೆ. 17ನೆಯ ವರ್ಣತಂತುವಿನ ಗಿಡ್ಡ ತೋಳಿನ ತುಂಡು ಕಳೆದುಹೋಗುವುದು, 4 ಮತ್ತು 14ರ ನಡುವೆ ಅಥವಾ 14 ಮತ್ತು 16ರ ನಡುವೆ ತುಂಡುಗಳು ಅದಲುಬದಲಾಗುವುದು ಇಂತಹವು. ತೆಗೆದ ಮಜ್ಜೆಯಲ್ಲಿ ಹೊಳೆಯುವ ಬಣ್ಣದ ಗುರುತು ಹಚ್ಚಿ ಇವನ್ನು ಹುಡುಕುತ್ತಾರೆ. ನಮ್ಮ ತಾಲ್ಲೂಕಿನ ಊರುಗಳಲ್ಲಿ ಈ ಪರೀಕ್ಷೆ ಆಗದು, ದೊಡ್ಡ ನಗರದ ಪ್ರಯೋಗಶಾಲೆಗೆ ಮಾದರಿಯನ್ನು ಕಳಿಸಬೇಕಾಗುತ್ತದೆ. ಇನ್ನೊಂದು ಎಲ್‌ಡಿಎಚ್ ಎಂಬ ಸಾದಾ ರಕ್ತಪರೀಕ್ಷೆ. ಕೋಶಗಳು ಬೇಗಬೇಗನೆ ಹುಟ್ಟಿ ಸಾಯುತ್ತಿದ್ದರೆ ಇದು ಏರುತ್ತದೆ.

ಇವೆರಡನ್ನೂ ಸೇರಿಸಿ 2015ರಲ್ಲಿ ಪರಿಷ್ಕೃತ ಹಂತಕ್ರಮವನ್ನು ರೂಪಿಸಲಾಯಿತು. ಹಳೆಯ ಕ್ರಮದಲ್ಲಿ ಮೊದಲ ಹಂತವಿದ್ದು, ವರ್ಣತಂತುವಿನ ಕೆಟ್ಟ ಬದಲಾವಣೆಯೂ ಇಲ್ಲದೆ, ಎಲ್‌ಡಿಎಚ್ ಸರಿಯಿದ್ದರೆ ಮಾತ್ರ ಮೊದಲನೆಯ ಹಂತ. ಹಳೆಯ ಮೂರನೆಯ ಹಂತದ ಜೊತೆಗೆ ಕೆಟ್ಟ ಬದಲಾವಣೆ ಇಲ್ಲವೆ ಏರಿದ ಎಲ್‌ಡಿಎಚ್ ಇದ್ದರೆ ಮೂರನೆಯ ಹಂತ. ಉಳಿದವರು ಎರಡನೆಯದು. ಈ ಕ್ರಮಕ್ಕಾಗಿ ನೋಡಿದ 3,060 ರೋಗಿಗಳಲ್ಲಿ ಐದು ವರ್ಷದ ಬಳಿಕ ಜೀವಂತ ಇದ್ದವರು ಮೊದಲ ಹಂತದಲ್ಲಿ ನೂರಕ್ಕೆ 82, ಎರಡನೆಯದರಲ್ಲಿ 62, ಮೂರನೆಯದರಲ್ಲಿ 40. 2022ರಲ್ಲಿ ಇದಕ್ಕೂ ಎರಡನೆಯ ಪರಿಷ್ಕರಣೆಯಾಯಿತು. ಅದರಲ್ಲಿ 1ನೆಯ ವರ್ಣತಂತುವಿನ ಒಂದು ಭಾಗ ಹೆಚ್ಚಾಗುವುದನ್ನೂ ಸೇರಿಸಿ, ಒಂದೊಂದು ದೋಷಕ್ಕೂ ಅಂಕ ಕೊಟ್ಟು, ರೋಗಿಗಳನ್ನು ನಾಲ್ಕು ಗುಂಪು ಮಾಡುತ್ತಾರೆ. ಆದುದರಿಂದ ಯಾರಾದರೂ ‘ಎರಡನೆಯ ಹಂತ’ ಎಂದರೆ ಯಾವ ಕ್ರಮದ ಪ್ರಕಾರ ಎಂದು ಕೇಳುವುದು ತಪ್ಪಲ್ಲ. ಕೇಳಬೇಕು.

ಎರಡು ವಾರದ ಮೇಲೆ ಮುತ್ಯಾನ ವರದಿಗಳು ಬಂದವು. ವರ್ಣತಂತುಗಳಲ್ಲಿ ಆ ಕೆಟ್ಟ ಬದಲಾವಣೆಗಳಿರಲಿಲ್ಲ. ಎಲ್‌ಡಿಎಚ್ ಸರಿಯಾಗಿತ್ತು. 2015ರ ಕ್ರಮದಂತೆ ಅವರದು ಎರಡನೆಯ ಹಂತ. ಆದರೆ ಚಿಕಿತ್ಸೆ ಈ ವರದಿಗಾಗಿ ಕಾದಿರಲಿಲ್ಲ. ಮೂತ್ರಪಿಂಡ ಸೋತದ್ದು ಕಂಡ ಕೂಡಲೇ ನೋವಿನ ಗುಳಿಗೆ ಬಿಡಿಸಿ, ಸಲೈನ್ ಹಚ್ಚಿ, ಔಷಧ ಪ್ರಾರಂಭಿಸಿದ್ದರು. ಚಿಕಿತ್ಸೆ ಬೇಕೇ ಬೇಡವೇ ಎಂಬುದನ್ನು ಏಡಿಯ ನಾಲ್ಕು ಹಾನಿಗಳು ಹೇಳುತ್ತವೆ, ಹಂತದ ಸಂಖ್ಯೆಯಲ್ಲ. ಒಂದನೆಯ ಹಂತದವರಿಗೂ ಮೂರನೆಯ ಹಂತದವರಿಗೂ ಪ್ರಾರಂಭದ ಔಷಧಗಳು ಬಹುಮಟ್ಟಿಗೆ ಒಂದೇ. ರೋಗ ಎಷ್ಟು ಮೊಂಡು, ಎಷ್ಟು ಎಚ್ಚರದಿಂದ ಹಿಂಬಾಲಿಸಬೇಕು ಎಂಬುದನ್ನು ಹಂತ ತಿಳಿಸುತ್ತದೆ. ಈ ರೋಗವನ್ನು ಬೇರುಸಹಿತ ಕಿತ್ತುಹಾಕುವುದು ಇಂದಿಗೂ ಕಷ್ಟ. ಆದರೆ ವರ್ಷಗಟ್ಟಲೆ ಹತೋಟಿಯಲ್ಲಿಡಲು ಸಾಧ್ಯವಿದೆ.

ನಾಲ್ಕು ತಿಂಗಳ ಚಿಕಿತ್ಸೆಯ ನಂತರ ಮುತ್ಯಾನ ಬೀಟಾ-2 ಇಳಿಯಿತು. ಮಗ ಸಂತೋಷದಿಂದ, “ಈಗ ಒಂದನೇ ಸ್ಟೇಜಿಗಿ ಬಂದರೇನ್ರಿ?” ಎಂದನು. ಹಾಗೆ ಹೇಳುವುದಿಲ್ಲ. ಹಂತವನ್ನು ಒಂದೇ ಸಲ, ಚಿಕಿತ್ಸೆಗೆ ಮೊದಲು ಬರೆದಿಡುತ್ತಾರೆ. ಪರೀಕ್ಷೆಯ ದಿನ ಹಾಜರಿಪಟ್ಟಿಯಲ್ಲಿ ಬರೆದ ನಿಮ್ಮ ಕ್ರಮಾಂಕ ಫಲಿತಾಂಶದ ದಿನ ಬದಲಾಗುತ್ತದೆಯೇ? ಚಿಕಿತ್ಸೆಯ ಫಲವನ್ನು ಆ ಶಿಖರದಂತಹ ಪ್ರೋಟೀನು ಎಷ್ಟು ಕರಗಿತು ಎಂಬುದರಿಂದ ಬೇರೆಯಾಗಿ ಅಳೆಯುತ್ತಾರೆ.

ನಮ್ಮ ಗಡಿಭಾಗದವರಿಗೆ ಇಂತಹ ಪರೀಕ್ಷೆಗಳಿಗಾಗಿ ಹಲವು ದಾರಿಗಳಿವೆ. ಲಾತೂರಿನಲ್ಲಿ ವಿಲಾಸರಾವ ದೇಶಮುಖ ಸರಕಾರಿ ವೈದ್ಯಕೀಯ ಸಂಸ್ಥೆ ಇದೆ. ಬಾರ್ಶಿಯಲ್ಲಿ ನರ್ಗಿಸ್ ದತ್ತ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಇದೆ. ಉಮರ್ಗಾದವರು ಸೋಲಾಪುರಕ್ಕೋ ಕಲಬುರಗಿಗೋ, ಉದಗೀರದವರು ರೈಲು ಹಿಡಿದು ಬೀದರಿಗೋ ಹೋಗುವುದುಂಟು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1941ರಿಂದ ಕೆಲಸ ಮಾಡುತ್ತಿದೆ. ಎಲ್ಲಿಗೆ ಹೋದರೂ ಮೊದಲ ವರದಿಯ ಕಾಗದಗಳನ್ನು ಜೋಪಾನವಾಗಿ ಒಯ್ಯಬೇಕು. ಚಿಕಿತ್ಸೆ ಪ್ರಾರಂಭವಾದ ಮೇಲೆ ಆ ಮೊದಲ ಸಂಖ್ಯೆಗಳು ಮತ್ತೆ ಸಿಕ್ಕುವುದಿಲ್ಲ.

ಈಗ ನಿಮ್ಮ ಪೆನ್ಸಿಲ್ ತೆಗೆದುಕೊಳ್ಳಿರಿ. ಉಮರ್ಗಾದ ಒಬ್ಬ ಶಿಕ್ಷಕಿಯ ಚೀಟಿಯಲ್ಲಿ ಹೀಗಿದೆ ಎಂದುಕೊಳ್ಳಿರಿ: ಅಲ್ಬುಮಿನ್ 3.9, ಬೀಟಾ-2 2.8, ವರ್ಣತಂತುಗಳಲ್ಲಿ ದೋಷವಿಲ್ಲ, ಎಲ್‌ಡಿಎಚ್ ಮಾತ್ರ ಮಿತಿಗಿಂತ ಮೇಲಿದೆ. 2005ರ ಕ್ರಮದಂತೆ ಅವರ ಹಂತ ಯಾವುದು? 2015ರ ಕ್ರಮದಂತೆ ಯಾವುದು? ಎರಡೂ ಉತ್ತರಗಳು ಬೇರೆಬೇರೆಯಾಗಿ ಬಂದರೆ ನಿಮ್ಮ ಲೆಕ್ಕ ಸರಿಯಾಗಿದೆ.